ಆರನೇ ಪುಟದ ವಾಕ್ಯ

ತಗ್ಬಿಲಾರನ್, ಬೊಹೋಲ್
ಜೂನ್ 8, 1992

ಸರ್,

ಇದನ್ನು ಬರೆಯದೆಯೇ ಲಕೋಟೆ ಅಂಟಿಸುವವಳಿದ್ದೆ. ಜೊತೆಗಿರುವ ಹಸ್ತಪ್ರತಿಯ ಆರನೇ ಪುಟದಲ್ಲಿ ಒಂದು ವಾಕ್ಯವಿದೆ. ನೀವೇ ಓದಿ ಕಂಡುಕೊಳ್ಳಲಿ ಎಂದು ಸುಮ್ಮನಿದ್ದುಬಿಡಬಹುದಿತ್ತು. ಆದರೆ ನಿಮಗೆ ಸಂಬಂಧಿಸಿದ ಮಾತು ಟೈಪಾದ ಹಾಳೆಯಿಂದ ಮೊದಲು ತಿಳಿಯಬಾರದು, ನನ್ನಿಂದ ತಿಳಿಯಬೇಕು ಅನ್ನಿಸಿತು.

ಬಗಕಾಯ್ ಕರಾವಳಿಯ ಕಡಲಹುಲ್ಲಿನ ಅಳತೆ ಮುಗಿದಿದೆ. ಚಂಡಮಾರುತ ಕಿತ್ತುಹಾಕಿದ ಹುಲ್ಲು ಐದು ವರ್ಷದೊಳಗೆ ಪೂರ್ತಿ ಮರಳಿ ಬೆಳೆಯಿತು ಎಂದು ನೀವು 1974ರಲ್ಲಿ ಬರೆದಿರಿ. ಆ ಲೇಖನ ಓದಿಯೇ ನಾನು ನಿಮ್ಮ ವಿದ್ಯಾರ್ಥಿನಿಯಾಗಲು ಬಂದೆ. ಈಗ ನಾನು ದಡದಿಂದ ನೇರ ಹಗ್ಗ ಎಳೆದು, ಸಮ ಅಂತರದಲ್ಲಿ ಇಳಿದು ನೋಡಿದರೆ ಬಯಲಿನ ಅರ್ಧದಷ್ಟು ಬರಿ ಮರಳು. ಮೊದಲು ಇದು ಈಚಿನ ಹಾನಿ ಎಂದುಕೊಂಡೆ. ಸಂದೇಹ ತೀರಿಸಿಕೊಳ್ಳಲೆಂದು, ನಿಮ್ಮ ದೋಣಿ ನಡೆಸುತ್ತಿದ್ದ, ನಾವೆಲ್ಲ ಅಣ್ಣ ಎಂಬಂತೆ ನೊಂಗ್ ಎನ್ನುವ ಇಸ್ಯೊಂಗ್ ಅವರನ್ನು ಕೇಳಿದೆ.

"ಆ ಮರಳಾ? ದೊಡ್ಡ ಗಾಳಿ ಬಂದಾಗಿಂದ ಹಾಗೇ ಇದೆಯಲ್ಲ ಮೇಡಂ," ಎಂದರು.

"ಹಾಗಿದ್ರೆ ಡಾಕ್ಟರ್‌ಗೆ ಅದು ಕಾಣ್ಲಿಲ್ವಾ ನೊಂಗ್?"

"ಅವ್ರನ್ನ ಆ ಕಡೆಗೆ ಯಾಕೆ ಕರ್ಕೊಂಡು ಹೋಗ್ಲಿ? ಅವ್ರು ಬರ್ತಾರೆ ಅಂದ್ರೆ ಹಿಂದಿನ ದಿನಾನೇ ಹೋಗಿ ಎಲ್ಲಿ ಹುಲ್ಲು ಸೊಂಪಾಗಿದೆ ಅಂತ ನೋಡ್ಕೊಂಡು ಬರ್ತಿದ್ದೆ. ಮನೆಗೆ ನೆಂಟ್ರು ಬಂದ್ರೆ ಹರಿದಿರೋ ಚಾಪೆ ಹಾಸ್ತೀವಾ? 'ಎಲ್ಲಿ ಇಳೀಲಿ ಇಸ್ಯೊಂಗ್' ಅಂತ ಕೇಳೋರು. 'ಇಲ್ಲೇ ಡಾಕ್' ಅನ್ನೋನು. ನೀವೊಬ್ರು, ಹಗ್ಗ ಹಿಡ್ಕೊಂಡು ಬಂದು ಎಲ್ಲೆಲ್ಲೋ ಇಳೀತೀರಿ. ನೆಂಟರ ಲಕ್ಷಣಾನೇ ಇಲ್ಲ ನಿಮಗೆ."

ಅವರ ಹೆಂಡತಿ ನಕ್ಕರು. ನಾನೂ ನಕ್ಕೆ. ವಾಪಸ್ಸು ಬರುವಾಗ ಜೀಪ್‌ನಿ ಬಸ್ಸಿನಲ್ಲಿ ಕೂತ ಮೇಲೆ ನಗು ಹೋಯಿತು.

ಆರನೇ ಪುಟದ ವಾಕ್ಯ ಇಷ್ಟೇ: "ಹಿಂದಿನ ಸಮೀಕ್ಷೆಯ (ರಸಿನೆಸ್, 1974) ಸ್ಥಳಗಳನ್ನು ಸ್ಥಳೀಯ ದೋಣಿಯವರು ಆರಿಸಿದ್ದು, ಅವರು ಹುಲ್ಲು ದಟ್ಟವಾಗಿದ್ದ ಕಡೆಗಳನ್ನೇ ತೋರಿಸಿದ್ದರು." ಇದಿಲ್ಲದೆ ನಿಮ್ಮ ಫಲಿತಾಂಶಕ್ಕೂ ನನ್ನದಕ್ಕೂ ಇರುವ ವ್ಯತ್ಯಾಸವನ್ನು ಹೇಗೆ ವಿವರಿಸಬೇಕೋ ನನಗೆ ತಿಳಿಯದು.

ಉಳಿದದ್ದು ಕೆಲಸದ ಮಾತು. ಪತ್ರಿಕೆಯ ವಿಶೇಷ ಸಂಚಿಕೆಗೆ ಲೇಖನ ಅಕ್ಟೋಬರ್ ಮಧ್ಯದೊಳಗೆ ತಲುಪಬೇಕು. ಲೇಖಕರಿಗೆ ಕೊಟ್ಟ ಸೂಚನೆಗಳ ನಕಲು ಇಟ್ಟಿದ್ದೇನೆ. ಇವನ್ನೆಲ್ಲ ನಿಮ್ಮಷ್ಟು ಕಟ್ಟುನಿಟ್ಟಾಗಿ ಪಾಲಿಸುವವರು ನನಗೆ ಗೊತ್ತಿಲ್ಲ. ದಯವಿಟ್ಟು ನೋಡಿಕೊಡಿ. ಶೀರ್ಷಿಕೆ ಪುಟದಲ್ಲಿ ನನ್ನ ಹೆಸರಿನ ನಂತರ ನಿಮ್ಮ ಹೆಸರು ಹಾಕಿದ್ದೇನೆ.

ನಿಮ್ಮ,
ಎಡಿತಾ ಗುಲಾಯನ್


ಮಂಬಹಾವ್, ಕಮಿಗಿನ್
ಜೂನ್ 29, 1992

ಎಡಿತಾ,

ಹಸ್ತಪ್ರತಿ ತಲುಪಿತು. ಒಂದು ಮೂಲೆ ನೆನೆದಿತ್ತು. ಇನ್ನು ಮೇಲೆ ಹಡಗಿನಲ್ಲಿ ಕಳಿಸುವುದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತು.

ಊಟದ ಮೇಜಿನ ತುಂಬ ನಿನ್ನ ಹಾಳೆ ಹರಡಿಕೊಂಡು ಕೂತಿದ್ದೇನೆ. "ಈ ಹುಲ್ಲಿನ ಮಧ್ಯೆ ಮೀನಿನ ಸಾರು ಎಲ್ಲಿಡ್ಲಿ ಹೇಳು," ಎಂದು ಅಕ್ಕ ಪುರಾ ಕೇಳಿದಳು. ನಿವೃತ್ತನಾಗಿ ಅವಳ ಮನೆಗೆ ಬಂದ ಮೇಲೆ ನಾನು ಒಂದು ಕೆಲಸಕ್ಕೂ ಬರುವವನಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಈಗ ಕೆಲಸ ಮಾಡುತ್ತಿದ್ದೇನೆ ಎಂದು ಬೇಸರ.

ಕೋಷ್ಟಕಗಳಲ್ಲಿ ನಿಂತ ಗೆರೆಗಳನ್ನು ಎಳೆದಿದ್ದೀಯ. ಕೋಷ್ಟಕವೇನು ಜೈಲಿನ ಕಿಟಕಿಯೇ? ತಲೆಸಾಲಿನ ಮೇಲೊಂದು, ಕೆಳಗೊಂದು, ಕೊನೆಯಲ್ಲೊಂದು ಅಡ್ಡಗೆರೆ ಸಾಕು. ಪ್ರತಿ ಕೋಷ್ಟಕಕ್ಕೂ ಬೇರೆ ಹಾಳೆ ಬೇಕು. ಚಿತ್ರ ಎರಡರ ಅಕ್ಷರಗಳು ಬಹಳ ಚಿಕ್ಕವು. ಅಚ್ಚಿನವರು ಅದನ್ನು ಅರ್ಧಕ್ಕೆ ಇಳಿಸಿದಾಗ ಇರುವೆ ಸಾಲಿನಂತೆ ಕಾಣುತ್ತದೆ. ಟ್ರೇಸಿಂಗ್ ಹಾಳೆಯಲ್ಲಿ ದಪ್ಪ ನಿಬ್ಬಿನಿಂದ ಮತ್ತೆ ಬರಿ. ಹುಲ್ಲಿನ ಜಾತಿಗಳ ಲ್ಯಾಟಿನ್ ಹೆಸರುಗಳ ಅಡಿಯಲ್ಲಿ ಗೆರೆ ಎಳೆ. ಅಲ್ಲಿ ಓರೆ ಅಕ್ಷರ ಬೇಕೆಂದು ಅಚ್ಚಿನವರಿಗೆ ಗೊತ್ತಾಗುವುದು ಅದರಿಂದಲೇ. ಕೆಲವು ಕಡೆ ಎಳೆದಿದ್ದೀಯ, ಕೆಲವು ಕಡೆ ಮರೆತಿದ್ದೀಯ. ಮರೆತ ಜಾಗವೇ ಪತ್ರಿಕೆಯ ಪರಿಶೀಲಕನ ಕಣ್ಣಿಗೆ ಮೊದಲು ಬೀಳುತ್ತದೆ. "ಇವಳು ಇದನ್ನೇ ನೋಡಿಲ್ಲ, ಹುಲ್ಲನ್ನೇನು ನೋಡಿರ್ತಾಳೆ" ಅಂದುಕೊಳ್ಳುತ್ತಾನೆ. ನಾನೇ ಹಾಗೆ ಅಂದುಕೊಂಡು ಎಷ್ಟೋ ಲೇಖನಗಳನ್ನು ವಾಪಸ್ಸು ಕಳಿಸಿದ್ದೇನೆ.

ಸಾರಾಂಶ ಉದ್ದವಾಯಿತು. ಆಕರಗಳ ಪಟ್ಟಿಯಲ್ಲಿ ಪತ್ರಿಕೆಗಳ ಹೆಸರನ್ನು ಸಂಕ್ಷೇಪಿಸಬಾರದು, ಸೂಚನೆ ಓದು. ಆರನೇ ಪುಟದಲ್ಲಿ ಎಡಗಡೆಯ ಅಂಚು ಉಳಿದ ಪುಟಗಳಿಗಿಂತ ಕಿರಿದಾಗಿದೆ, ಸರಿಪಡಿಸು.

ಶೀರ್ಷಿಕೆ ಪುಟದಲ್ಲಿ ನನ್ನ ಹೆಸರು ಬೇಡ. ತೆಗೆದುಹಾಕು.

ಟಿ. ರಸಿನೆಸ್


ತಗ್ಬಿಲಾರನ್
ಜುಲೈ 13, 1992

ಸರ್,

ನೀವು ಹೇಳಿದ ತಿದ್ದುಪಡಿಗಳನ್ನೆಲ್ಲ ಮಾಡಿದ್ದೇನೆ. ಕೋಷ್ಟಕಗಳನ್ನು ಜೈಲಿನಿಂದ ಬಿಡಿಸಿದ್ದಾಯಿತು. ಇಲ್ಲಿ ಪ್ರತಿ ಮಧ್ಯಾಹ್ನ ಕರೆಂಟು ಹೋಗುತ್ತದೆ. ಒಮ್ಮೆ ಕಂಪ್ಯೂಟರಿನಲ್ಲಿ ಉಳಿಸುವ ಮೊದಲೇ ಹೋಗಿ, ಆಕರಗಳ ಪಟ್ಟಿಯನ್ನೆಲ್ಲ ಮತ್ತೆ ಟೈಪ್ ಮಾಡಿದೆ. ಕಾಲೇಜಿನ ಪ್ರಿಂಟರಿನ ರಿಬ್ಬನ್ ಮಾಸಿದೆ. ಮೂರು ಪ್ರತಿಗಳಲ್ಲಿ ಕಪ್ಪಾಗಿ ಬಂದದ್ದನ್ನು ನಿಮಗೆ ಕಳಿಸುತ್ತಿದ್ದೇನೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.

ನಿಮ್ಮ ಹೆಸರಿನ ಬಗ್ಗೆ ಬರೆಯಲು ಹಲವು ದಿನ ತಡೆದೆ. ಶೀರ್ಷಿಕೆ ಪುಟದಲ್ಲಿ ಅದು ಇನ್ನೂ ಇದೆ. ನಮ್ಮಲ್ಲಿ ಗುರುವಿನ ಹೆಸರಿಲ್ಲದ ಲೇಖನ ಯಾರು ಬರೆದಿದ್ದಾರೆ ಸರ್? ನಿಮ್ಮ ಮೊದಲ ಲೇಖನಗಳಲ್ಲಿ ನೀವು ನಿಮ್ಮ ಗುರುಗಳ ಹೆಸರು ಹಾಕಿದಿರಿ, ಅವರು ಮೊಣಕಾಲುದ್ದ ನೀರಿಗೂ ಇಳಿಯದವರು ಎಂದು ತರಗತಿಯಲ್ಲಿ ನೀವೇ ಹೇಳಿ ನಗಿಸುತ್ತಿದ್ದರೂ. ನಿಮ್ಮ ಋಣ ನನಗೆ ಅದಕ್ಕಿಂತ ಬಹಳ ದೊಡ್ಡದು. ಹೆಸರಿಲ್ಲದ ಪುಟವನ್ನು ಒಮ್ಮೆ ಟೈಪ್ ಮಾಡಿ ನಮ್ಮ ಡೀನ್‌ಗೆ ತೋರಿಸಿದೆ.

"ಏನೇ ಎಡಿತ್, ಸರ್ ಹೆಸರಿಲ್ಲ? ಜಗಳ ಆಡಿದ್ರಾ?"

"ಇಲ್ಲ ಮೇಡಂ. ಅವರೇ ಬೇಡ ಅಂದ್ರು."

"ಅವರು ಬೇಡ ಅಂತಾರೆ. ದೊಡ್ಡವರು ಎರಡನೇ ಸಲ ಬಡಿಸೋಕೆ ಬಂದ್ರೆ ಬೇಡ ಅಂತಾರಲ್ಲ, ಹಾಗೆ. ನೀನು ಬಡಿಸ್ಬೇಕು ತಾನೇ? ಅದೂ ಅವರ ಲೇಖನಾನೇ ಬೀಳಿಸೋವಾಗ. ಜನ ಏನಂತಾರೆ ಅಂತ ಯೋಚ್ನೆ ಮಾಡಿದ್ಯಾ?"

ಯೋಚಿಸಿದ್ದೆ. ಅದೇ ತೊಂದರೆ.

ನಿಮಗೆ ಬೇಸರವಾಗಿದ್ದರೆ ಹಾಗೆಂದು ಬರೆಯಿರಿ. ನೀವು ಅಂಚುಗಳ ಬಗ್ಗೆ ಮಾತ್ರ ಬರೆದಾಗ ನನಗೆ ಏನು ತಿಳಿದುಕೊಳ್ಳಬೇಕೋ ಗೊತ್ತಾಗುವುದಿಲ್ಲ. ಪರಿಶೀಲಕರಿಗೆ ಬರೆದವರು ಯಾರೆಂದು ತಿಳಿಯಬಾರದಂತೆ, ಆದ್ದರಿಂದ ಲೇಖನದ ಒಳಗೆ ನಿಮ್ಮನ್ನು ಎಲ್ಲ ಕಡೆ "ರಸಿನೆಸ್" ಎಂದಷ್ಟೇ ಕರೆದಿದ್ದೇನೆ, ಪರಿಚಯವೇ ಇಲ್ಲದವರ ಹಾಗೆ.

ಆರನೇ ಪುಟದ ಅಂಚನ್ನು ಸರಿಪಡಿಸಿದ್ದೇನೆ. ಆ ಪುಟವನ್ನು ಸ್ವಲ್ಪ ಚೊಕ್ಕವಾಗಿಯೂ ಮಾಡಿದ್ದೇನೆ.

ನಿಮ್ಮ,
ಎಡಿತಾ


ತಗ್ಬಿಲಾರನ್
ಆಗಸ್ಟ್ 10, 1992

ಸರ್,

ನಿಮ್ಮಿಂದ ಉತ್ತರವಿಲ್ಲ. ಹಸ್ತಪ್ರತಿ ತಲುಪಿತೋ ಇಲ್ಲವೋ ತಿಳಿಯದು. ಕಳೆದ ವಾರ ಸಮುದ್ರ ಕೆಟ್ಟಿತ್ತು, ಕಮಿಗಿನ್‌ಗೆ ಹಡಗು ಹೋಗಲಿಲ್ಲ ಎಂದು ಅಂಚೆ ಕಚೇರಿಯಲ್ಲಿ ಹೇಳಿದರು. ಅದೇ ಕಾರಣ ಎಂದುಕೊಂಡಿದ್ದೇನೆ.

ನಿನ್ನೆ ಬಗಕಾಯ್‌ಗೆ ಹೋಗಿದ್ದೆ. ನೊಂಗ್ ಇಸ್ಯೊಂಗ್ ಬಲೆ ಹೊಲಿಯುತ್ತ ಕೂತಿದ್ದರು. ನನ್ನನ್ನು ಕಂಡದ್ದೇ ಕೇಳಿದರು, "ಡಾಕ್ ಕಾಗದ ಬರ್ದ್ರಾ?"

"ಇನ್ನೂ ಇಲ್ಲ ನೊಂಗ್."

"ಕೋಪ ಬಂತಾ ಅವ್ರಿಗೆ? ನಾನು ಒಳ್ಳೆ ಜಾಗ ತೋರಿಸಿದ್ದು ತಪ್ಪಾಯ್ತಾ?"

ಇಲ್ಲ ಎಂದೆ. ಎರಡರಲ್ಲಿ ಯಾವ ಪ್ರಶ್ನೆಗೆ ಇಲ್ಲ ಎಂದೆನೋ ಅವರಿಗೆ ತಿಳಿಯಲಿಲ್ಲ. ನನಗೂ ತಿಳಿದಿರಲಿಲ್ಲ. ಅವರು ಬಲೆಯ ಕಡೆ ತಿರುಗಿಕೊಂಡರು. ಯಾವತ್ತಿನ ಹಾಗೆ ಒಣಮೀನು ಕಟ್ಟಿಕೊಡಲಿಲ್ಲ. ಮರೆತಿರಬೇಕು.

ಆರೋಗ್ಯವಾಗಿದ್ದೀರಿ ತಾನೇ? ಒಂದೇ ಸಾಲಾದರೂ ಸಾಕು.

ಎಡಿತಾ


ಮಂಬಹಾವ್
ಆಗಸ್ಟ್ 24, 1992

ಇಂದಾಯ್, ಮಗಳೇ,

ಹಡಗಿನದೇನೂ ತಪ್ಪಿಲ್ಲ. ಹಸ್ತಪ್ರತಿ ಜುಲೈನಲ್ಲೇ ಬಂತು. ಆರೋಗ್ಯವೂ ಸರಿಯಾಗಿದೆ. ಉತ್ತರ ಬರೆಯದೆ ಇದ್ದದ್ದು ಸಿಟ್ಟಿನಿಂದ.

ನೀನು ಯಾವುದಕ್ಕೆ ಸಿಟ್ಟು ಎಂದುಕೊಂಡೆಯೋ ಅದಕ್ಕಲ್ಲ. ಜೂನ್‌ನಲ್ಲಿ ನಿನ್ನ ಲಕೋಟೆ ಒಡೆದವನು ನೇರ ಆರನೇ ಪುಟಕ್ಕೆ ಹೋದೆ. ವಾಕ್ಯ ಓದಿದೆ. ಆ ದಿನ ಮಾತ್ರವಲ್ಲ, ಆಮೇಲೆ ಬಹಳ ದಿನ ಬೇರೇನನ್ನೂ ಓದಲಾಗಲಿಲ್ಲ. ಕೊನೆಗೆ ಅಂಚುಗಳ ಬಗ್ಗೆ ಬರೆದೆ. ಅಂಚುಗಳ ಬಗ್ಗೆ ನನಗೆ ಇನ್ನೂ ಖಚಿತವಾಗಿ ಗೊತ್ತಿದೆ. ಅಕ್ಕ ಪುರಾ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು: "ಇವನಿಗೇನೋ ಆಗಿದೆ. ಮನೇಲಿ ಯಾರ ಹತ್ರಾನೂ ಮಾತಿಲ್ಲ. ಬೆಕ್ಕಿನ ಹತ್ರ ಮಾತ್ರ ಇಂಗ್ಲಿಷಲ್ಲಿ ಮಾತಾಡ್ತಾನೆ."

ಆ ದಿನಗಳಲ್ಲಿ ಒಂದು ಸಂಗತಿಯನ್ನು ನನಗಾಗಿ ಇಟ್ಟುಕೊಂಡಿದ್ದೆ: ನನ್ನ ವಿದ್ಯಾರ್ಥಿನಿ ಇದನ್ನು ಬರೆದಳು. ನನಗೆ ಮೊದಲೇ ಹೇಳಿದಳು, ಹೇಳಿಯೂ ಬರೆದಳು. ಅದನ್ನು ಹಿಡಿದುಕೊಂಡೇ ಮತ್ತೆ ಊಟಕ್ಕೆ ಕೂರಲು ಕಲಿತೆ. ಆಮೇಲೆ ನಿನ್ನ ಜುಲೈ ಪ್ರತಿ ಬಂತು. ಆರನೇ ಪುಟ ತೆಗೆದರೆ ವಾಕ್ಯವಿಲ್ಲ. "ಚೊಕ್ಕವಾಗಿ ಮಾಡಿದ್ದೇನೆ." ನನ್ನನ್ನು ಗುಡಿಸಿ ಮೂಲೆಗೆ ಹಾಕಿ, ಮೇಲೆ ನನ್ನ ಹೆಸರು ಹಾಕಿದ್ದೀಯ.

ಹೆಸರಿನ ಮಾತು ಈಗ ಸ್ಪಷ್ಟವಾಗಿ ಹೇಳುತ್ತೇನೆ. ನನ್ನ ಹೆಸರಿದ್ದರೆ, ಮುದುಕ ತನ್ನ ತಪ್ಪನ್ನು ತಾನೇ ಕಂಡುಕೊಂಡ, ಎಂಥ ದೊಡ್ಡ ಮನಸ್ಸು ಎಂದು ಓದುತ್ತಾರೆ. ಹಗ್ಗ ಹಿಡಿದು ನೀರಿಗಿಳಿದವಳು ನೀನು. ಮತ್ತೆ, ಶೀರ್ಷಿಕೆ ಪುಟವನ್ನು ಕಿತ್ತು ಬದಿಗಿಟ್ಟೇ ಪರಿಶೀಲಕರಿಗೆ ಕಳಿಸುತ್ತಾರೆ, ಅದು ನಿನಗೂ ಗೊತ್ತು. ಅವರ ಮುಂದೆ ನನ್ನ ಹೆಸರು ನಿನ್ನನ್ನು ಕಾಯುವುದಿಲ್ಲ. ಅದು ಕಾಯುವುದು ತಗ್ಬಿಲಾರನ್‌ನಲ್ಲಿ, ನಿನ್ನ ಡೀನ್ ಮುಂದೆ. ಮಳೆಗೆ ಹಿಡಿಯುವ ಬಾಳೆಯೆಲೆಯಾಗಲು ನನಗೆ ಇಷ್ಟವಿಲ್ಲ.

ಇನ್ನು ನಿನ್ನ ಮೊದಲ ವಾಕ್ಯ. ಅದೂ ಸರಿಯಿರಲಿಲ್ಲ. ಇಸ್ಯೊಂಗ್ ಆರಿಸಿದ, ಇಸ್ಯೊಂಗ್ ತೋರಿಸಿದ. ತಪ್ಪೆಲ್ಲ ಅವನ ತಲೆಗೆ. ಅವನು ಮರ್ಯಾದೆ ಮಾಡಿದ, ನಾನು ಮರ್ಯಾದೆ ಮಾಡಿಸಿಕೊಂಡೆ. ನನ್ನ ಲೇಖನದಲ್ಲಿ "ಸ್ಥಳಗಳನ್ನು ಯಾದೃಚ್ಛಿಕವಾಗಿ ಆರಿಸಲಾಯಿತು" ಎಂದು ಬರೆದದ್ದು ನಾನು, ಅವನಲ್ಲ. ದೋಣಿಯಿಂದ ಯಾವ ಬದಿಗೆ ಹಾರಿದರೂ ಹಾರಿದ್ದು ನಾನೇ ಅಲ್ಲವೇ, ಅದೇ ಯಾದೃಚ್ಛಿಕ ಎಂದುಕೊಂಡಿದ್ದೆ. ಇದನ್ನು ಹಾಕು:

"ಹಿಂದಿನ ಸಮೀಕ್ಷಕರು (ರಸಿನೆಸ್, 1974) ತಮ್ಮನ್ನು ಎಲ್ಲಿಗೆ, ಏಕೆ ಕರೆದೊಯ್ಯಲಾಗುತ್ತಿದೆ ಎಂದು ವಿಚಾರಿಸಲಿಲ್ಲ. ಆದ್ದರಿಂದ ಅವರ ಅಂಕಿಗಳನ್ನು ಪೂರ್ತಿಯಾಗಿ ಕೈಬಿಡಲಾಗಿದೆ."

ಕೋಷ್ಟಕ ಒಂದರಿಂದ ನನ್ನ ಅಂಕಣವನ್ನು ತೆಗೆ. ಹೊಸ ಆರನೇ ಪುಟವನ್ನು ನನಗೆ ಕಳಿಸು, ನೋಡಿ ಒಪ್ಪಿಗೆ ಬರೆಯುತ್ತೇನೆ. ಆಮೇಲೆ ಅಂಚೆಗೆ ಹಾಕು.

ಟಿ. ಆರ್.


ತಗ್ಬಿಲಾರನ್
ಸೆಪ್ಟೆಂಬರ್ 12, 1992

ಸರ್,

ನಿಮ್ಮ ಕಾಗದವನ್ನು ಕಾಲೇಜಿನಲ್ಲಿ ಓದಲಾರದೆ ಮನೆಗೆ ತಂದು ಓದಿದೆ. ಬಾಳೆಯೆಲೆಯ ಮಾತು ನಿಜ. ಋಣ ಎಂದು ನಾನು ಬರೆದದ್ದೂ ಸುಳ್ಳಲ್ಲ. ಆದರೆ ಋಣದ ಹಿಂದೆ ಭಯ ನಿಂತಿತ್ತು, ಅದು ಕಾಣದ ಹಾಗೆ ಋಣವನ್ನು ಮುಂದೆ ನಿಲ್ಲಿಸಿದ್ದೆ. ಶೀರ್ಷಿಕೆ ಪುಟದಲ್ಲಿ ಈಗ ನನ್ನ ಹೆಸರು ಒಂದೇ ಇದೆ. ಮಧ್ಯದಲ್ಲಿ ಕೂರಿಸಿದ್ದೇನೆ. ಪುಟ ಬಹಳ ಖಾಲಿ ಕಾಣುತ್ತದೆ.

ವಾಕ್ಯವನ್ನು ತೆಗೆದದ್ದು ನಿಮ್ಮ ಮೇಲಿನ ದಯೆಯಿಂದ ಎಂದುಕೊಂಡಿದ್ದೆ. ನೀವು ಅದನ್ನು ಹೇಗೆ ಓದಿದಿರಿ ಎಂದು ತಿಳಿದ ಮೇಲೆ, ನಿಮ್ಮನ್ನು ನಿಜ ತಾಳಲಾರದವರು ಎಂದು ನಾನೇ ತೀರ್ಮಾನಿಸಿದ್ದೆ ಎಂಬುದು ಗೊತ್ತಾಯಿತು. ಅದು ದಯೆಯಲ್ಲ.

ಆದರೆ ನಿಮ್ಮ ವಾಕ್ಯವನ್ನೂ ನಾನು ಹಾಕಿಲ್ಲ ಸರ್.

ಹಾಕಿ ನೋಡಿದೆ. ಕೋಷ್ಟಕ ಒಂದರಿಂದ ನಿಮ್ಮ ಅಂಕಣವನ್ನು ತೆಗೆದೆ, ನೀವು ಹೇಳಿದಂತೆಯೇ. ತೆಗೆದ ಮೇಲೆ ನನ್ನ ಅಂಕಿಗಳು ಒಂಟಿಯಾದವು. ಅರ್ಧ ಬಯಲು ಮರಳು ಎಂದರೆ ಹೆಚ್ಚೋ ಕಡಿಮೆಯೋ, ಅಲ್ಲಿ ಹುಲ್ಲು ಬೆಳೆಯಬಲ್ಲದ್ದು ಎಷ್ಟು ಎಂದು ಓದಿದವರಿಗೆ ಹೇಗೆ ತಿಳಿಯಬೇಕು? ಇದು ಮತ್ತೆ ನಿಮ್ಮನ್ನು ಉಳಿಸುವ ನನ್ನ ಉಪಾಯವೇ ಎಂದು ನನಗೇ ಅನುಮಾನ ಬಂತು. ಅದಕ್ಕೆ ನಿಮ್ಮ ಹಳೆಯ ಜಾಗಗಳಿಗೇ ಹೋಗಿ ಮತ್ತೆ ಅಳೆಯಬೇಕೆಂದುಕೊಂಡೆ. ನೊಂಗ್ ಇಸ್ಯೊಂಗ್ ಅವರಿಗೆ ನಿಮ್ಮ ಕಾಗದದಲ್ಲಿದ್ದುದನ್ನು ನಮ್ಮ ವಿಸಾಯನ್ ಭಾಷೆಯಲ್ಲಿ ಓದಿ ಹೇಳಿದೆ, ಅವರು ಮರ್ಯಾದೆ ಮಾಡಿದ್ದು, ನೀವು ಮಾಡಿಸಿಕೊಂಡದ್ದು ಎರಡನ್ನೂ. ಅವರು ಬಲೆ ಕೆಳಗಿಟ್ಟರು.

"ಹಾಗಾದ್ರೆ ಡಾಕ್‌ಗೆ ನನ್ ಮೇಲೆ ಕೋಪ ಇಲ್ಲ?"

"ಇಲ್ಲ ನೊಂಗ್. ಅವರ ಮೇಲೆ ಅವರಿಗೇ ಕೋಪ."

"ಪುಸ್ತಕದಲ್ಲಿ ನನ್ ಹೆಸರು ಹಾಕ್ತೀರಾ?"

"ಇಲ್ಲ. ಡಾಕ್ಟರ್ ಹೆಸರಿರತ್ತೆ."

"ಹಂಗಾದ್ರೆ ಬೈಸ್ಕೊಳ್ಳೋದು ಅವ್ರೊಬ್ರೇ," ಎಂದು ನಕ್ಕರು. "ಇರ್ಲಿ ಬಿಡಿ, ಅವ್ರು ಓದಿದೋರು, ತಡ್ಕೋತಾರೆ. ಬನ್ನಿ, ಅವ್ರು ಇಳೀತಿದ್ದ ಜಾಗ ತೋರಿಸ್ತೀನಿ. ಹಗ್ಗ ಮನೇಲೇ ಇಡಿ. ಇವತ್ತೊಂದು ದಿನ ನೆಂಟರ ಹಾಗೆ ಬನ್ನಿ."

ದಡದ ಚರ್ಚಿನ ಗಂಟೆಗೋಪುರವನ್ನೂ ಬಂಡೆಯನ್ನೂ ಗುರುತಿಟ್ಟುಕೊಂಡು ಅವರು ಒಂದೊಂದೇ ಜಾಗಕ್ಕೆ ದೋಣಿ ತಂದು ನಿಲ್ಲಿಸಿದರು. ನಾನು ಇಳಿದೆ. ಅಲ್ಲೆಲ್ಲ ಹುಲ್ಲು ಸೊಂಟದವರೆಗೆ ಬರುವಷ್ಟು ಎತ್ತರ. ಅಳತೆ ನಿಮ್ಮ 1974ರ ಅಂಕಿಗಳ ಬಳಿಯೇ ಬಂತು. ಒಂದು ಕಡೆ ಮಾತ್ರ ನಿಮಗಿಂತ ಹೆಚ್ಚು.

ನಿಮ್ಮ ಅಂಕಿಗಳು ತಪ್ಪಲ್ಲ ಸರ್. ಅವು ಇಡೀ ಬಯಲಿನವು ಎಂದು ಹೇಳಿದ್ದು ತಪ್ಪು. ಗಾಳಿ ಬಿಟ್ಟುಹೋದ ಕಡೆ ಹುಲ್ಲು ಇಷ್ಟು ವರ್ಷ ನಿಂತಿದೆ, ಕಿತ್ತ ಕಡೆ ಮರಳಿ ಬಂದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೇ ಇದು ಕಾಣುವುದು. ಇದನ್ನು ನಾನು ಜೂನ್‌ನಲ್ಲಿ ಕಂಡಿರಲಿಲ್ಲ. ನೀವು ನಿಮ್ಮನ್ನು ಪೂರ್ತಿ ಅಳಿಸಲು ಹೇಳದೆ ಇದ್ದಿದ್ದರೆ ಕಾಣುತ್ತಲೂ ಇರಲಿಲ್ಲವೋ ಏನೋ.

ಆರನೇ ಪುಟದಲ್ಲಿ ಈಗ ಇರುವುದು ಹೀಗೆ:

"ಹಿಂದಿನ ಸಮೀಕ್ಷೆಯಲ್ಲಿ (ರಸಿನೆಸ್, 1974) ಸ್ಥಳಗಳ ಆಯ್ಕೆ ಯಾದೃಚ್ಛಿಕವಾಗಿರಲಿಲ್ಲ. ಅತಿಥಿಗೆ ಉತ್ತಮವಾದುದನ್ನು ತೋರಿಸುವುದು ಅಲ್ಲಿನ ರೂಢಿ. ಅದರಂತೆ ಸಮೀಕ್ಷಕರನ್ನು ಹುಲ್ಲು ದಟ್ಟವಾಗಿದ್ದ ಕಡೆಗಳಿಗೆ ಕರೆದೊಯ್ಯಲಾಗಿತ್ತು, ಅವರು ಅದನ್ನು ಪ್ರಶ್ನಿಸಿರಲಿಲ್ಲ. ಆ ಅಂಕಿಗಳನ್ನು ಇಲ್ಲಿ ಹಾನಿಯಾಗದ ಭಾಗದ ದಾಖಲೆಯಾಗಿ ಬಳಸಲಾಗಿದೆ."

ಇದರಿಂದ ಲೇಖನ ಬೆಳೆದು, ಕೋಷ್ಟಕ ಒಂದನ್ನೂ ಸಾರಾಂಶವನ್ನೂ ಹೊಸದಾಗಿ ಬರೆದೆ. ಸಾರಾಂಶ ಮಿತಿಯೊಳಗೇ ಇದೆ. ಜಾತಿಯ ಹೆಸರುಗಳಿಗೆಲ್ಲ ಸ್ಕೇಲ್ ಇಟ್ಟು ಗೆರೆ ಎಳೆದಿದ್ದೇನೆ. ಕೊನೆಯ ಪುಟದ ಕೃತಜ್ಞತೆಯಲ್ಲಿ ನೊಂಗ್ ಇಸ್ಯೊಂಗ್ ಅವರ ಪೂರ್ಣ ಹೆಸರು ಡಿಯೊನಿಸಿಯೊ ಎಂಬುದೂ ನಿಮ್ಮ ಹೆಸರೂ ಇವೆ. ಆ ಪುಟವನ್ನೂ ಪರಿಶೀಲಕರಿಗೆ ಕಳಿಸುವ ಮುನ್ನ ಕಿತ್ತಿಡುತ್ತಾರಂತೆ. ಅಚ್ಚಾದಾಗ ಮತ್ತೆ ಸೇರುತ್ತದೆ. ಪುಸ್ತಕದಲ್ಲಿ ಅವರ ಹೆಸರಿರುವುದಿಲ್ಲ ಎಂದು ನೊಂಗ್‌ಗೆ ನಾನು ಹೇಳಿದ್ದು ಸುಳ್ಳಾಯಿತು ಎಂದು ಅವರಿಗೆ ತಿಳಿಸಿದೆ. "ಬೈಗುಳದಲ್ಲಿ ಬಿಟ್ಟು ಥ್ಯಾಂಕ್ಸಲ್ಲಿ ಸೇರ್ಸಿದ್ರಾ? ಒಳ್ಳೇದಾಯ್ತು," ಎಂದರು.

ಡೀನ್ ಶೀರ್ಷಿಕೆ ಪುಟ ನೋಡಿದರು. "ಧೈರ್ಯ ಬಂತೇನೇ?" ಎಂದರು. ಬಂದಿಲ್ಲ ಮೇಡಂ, ಆದ್ರೂ ಕಳಿಸ್ತೀನಿ ಎಂದೆ. ಅವರು ಮತ್ತೆ ಪುಟವನ್ನು ನೋಡಿ ಸಹಿ ಹಾಕಿದರು. ಮುಂದಿನ ವಾರ ಅಧ್ಯಾಪಕರ ಕೋಣೆಯಲ್ಲಿ ಏನು ಮಾತು ಬರುತ್ತದೋ ಗೊತ್ತಿಲ್ಲ. ಬಂದರೆ ಅದು ನನ್ನ ಪಾಲಿನದು.

ಹೊಸ ಆರನೇ ಪುಟದ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ, ನೀವು ಓದಲೆಂದು. ಒಪ್ಪಿಗೆಗಾಗಿ ಅಲ್ಲ. ಈ ಮಾತನ್ನು ಬರೆದು ಎರಡು ಸಲ ಹೊಡೆದುಹಾಕಿದೆ, ಮತ್ತೆ ಬರೆದೆ. ಇಷ್ಟು ವರ್ಷ ನಿಮ್ಮ ಕೆಂಪು ಶಾಯಿ ಬೀಳದ ಒಂದು ಹಾಳೆಯನ್ನೂ ನಾನು ಹೊರಗೆ ಕಳಿಸಿಲ್ಲ. ಈ ಪುಟದಲ್ಲಿ ನಿಮಗೆ ತಪ್ಪು ಕಂಡರೆ ಬರೆಯಿರಿ, ಕಟುವಾಗಿಯೇ ಬರೆಯಿರಿ. ಮುಂದಿನ ಲೇಖನದಲ್ಲಿ ನಿಮ್ಮನ್ನು ಉಲ್ಲೇಖಿಸಿ ನನ್ನನ್ನು ತಿದ್ದಿಕೊಳ್ಳುತ್ತೇನೆ. ಕಮಿಗಿನ್‌ಗೆ ಈ ಕಾಗದ ತಲುಪಿ ನಿಮ್ಮ ಉತ್ತರ ಹಡಗು ಹತ್ತುವಷ್ಟರಲ್ಲಿ ಮೂರೂ ಪ್ರತಿಗಳು ಹೊರಟಿರುತ್ತವೆ.

ಹಸ್ತಪ್ರತಿಯನ್ನು ಅಂಚೆಗೆ ಹಾಕುವುದು: ಸೋಮವಾರ, ಸೆಪ್ಟೆಂಬರ್ 21, 1992.